ತೇಲಿಸಿದ್ದಾಯಿತು, ಸಾಲಾಗಿ ನಿಲ್ಲಿಸುವುದು ಯಾವಾಗ?

ಪ್ರಶ್ನೆ: ಸ್ಕಾಟ್ಲೆಂಡ್ ಮತ್ತು ನಾರ್ವೆಯ ಆಳ ಸಮುದ್ರದಲ್ಲಿ ತೇಲುವ ಗಾಳಿಯಂತ್ರಗಳು 2017ರಿಂದಲೇ ವಿದ್ಯುತ್ ಕೊಡುತ್ತಿವೆ ಎಂದು ಓದಿದ್ದೇನೆ. ಆದರೂ ಐದು, ಹನ್ನೊಂದು ಎಂಬ ಲೆಕ್ಕ ದಾಟಿ ನೂರಕ್ಕೆ ಯಾಕೆ ಹೋಗುತ್ತಿಲ್ಲ? ತಂತ್ರಜ್ಞಾನ ಇನ್ನೂ ಪಕ್ಕಾ ಆಗಿಲ್ಲವೇ, ಅಥವಾ ದುಡ್ಡಿನದೇ ತೊಂದರೆಯೇ? ಯಾವ ಬಗೆಯ ಫ್ಲೋಟರ್ ಕೊನೆಗೆ ಉಳಿಯುತ್ತದೆ? ನಮ್ಮ ಕರಾವಳಿಗೂ ಇದು ಬರಬಹುದೇ? (ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ)

ಉತ್ತರ: ತೇಲುತ್ತದೆಯೇ, ಬಿರುಗಾಳಿ ತಡೆಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಾಗಿದೆ. ಸಿಗದೆ ಉಳಿದಿರುವುದು ಬೇರೆ ಎರಡು. ಒಂದೇ ಅಚ್ಚಿನ ಫ್ಲೋಟರನ್ನು, ಎಂದರೆ ಯಂತ್ರವನ್ನು ಹೊತ್ತು ತೇಲುವ ಒಡಲನ್ನು, ವಾರಕ್ಕೊಂದರಂತೆ ಕಟ್ಟಿ, ಅದರ ಮೇಲೆ ಟರ್ಬೈನ್ ಏರಿಸಿ, ಎಳೆದೊಯ್ದು ಕಟ್ಟಿಹಾಕುವ ಬಂದರು ಮತ್ತು ಹಡಗುಗಳ ವ್ಯವಸ್ಥೆ ಇನ್ನೂ ತಯಾರಾಗಿಲ್ಲ. ಹಾಗೆ ನಿಲ್ಲಿಸಿದ ಯಂತ್ರದ ದೊಡ್ಡ ಭಾಗವೊಂದು ಕೆಟ್ಟರೆ ಅಗ್ಗದಲ್ಲಿ ಸರಿಮಾಡುವ ದಾರಿಯೂ ಪಳಗಿಲ್ಲ. ನೀವು ಕೇಳಿದ ದುಡ್ಡಿನ ತೊಂದರೆ ಬಹುಮಟ್ಟಿಗೆ ಈ ಎರಡರ ಹೊಟ್ಟೆಯಲ್ಲೇ ಹುಟ್ಟಿದ್ದು.

ಮೊದಲು ಈಗ ಎಲ್ಲಿದ್ದೇವೆ ಎಂಬುದನ್ನು ನೋಡೋಣ. 2009ರಲ್ಲಿ ನಾರ್ವೆಯ ಕಾರ್ಮೊಯ್ ದ್ವೀಪದ ಹೊರಗೆ, ಸುಮಾರು 220 ಮೀಟರ್ ಆಳದಲ್ಲಿ, 2.3 ಮೆಗಾವ್ಯಾಟ್‌ನ ಒಂಟಿ ಹೈವಿಂಡ್ ಯಂತ್ರ ನಿಂತಿತು. 2017ರಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಎದುರು ತಲಾ 6 ಮೆಗಾವ್ಯಾಟ್‌ನ ಐದು ಯಂತ್ರಗಳ ಹೈವಿಂಡ್ ಸ್ಕಾಟ್ಲೆಂಡ್ ಬಂತು. ಮೊದಲ ಐದು ವರ್ಷ ಅದರ ಸರಾಸರಿ ಕೆಪಾಸಿಟಿ ಫ್ಯಾಕ್ಟರ್ 54 ಶೇಕಡಾ. ಎಂದರೆ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ಓಡಿದ್ದರೆ ಬರುತ್ತಿದ್ದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ನಿಜಕ್ಕೂ ಬಂದಿದೆ. ನೆಲದ ಮೇಲಿನ ಯಂತ್ರಗಳಿಗೆ ಇದು ಕನಸಿನ ಮಾತು. 2020ರಲ್ಲಿ ಪೋರ್ಚುಗಲ್‌ನ ವಿಯಾನಾ ದೊ ಕಾಸ್ತೆಲೊ ಹೊರಗೆ 25 ಮೆಗಾವ್ಯಾಟ್‌ನ ವಿಂಡ್‌ಫ್ಲೋಟ್ ಅಟ್ಲಾಂಟಿಕ್, 2021ರಲ್ಲಿ ಅಬರ್ಡೀನ್ ಹೊರಗೆ 50 ಮೆಗಾವ್ಯಾಟ್‌ನ ಕಿನ್‌ಕಾರ್ಡಿನ್, 2023ರಲ್ಲಿ ನಾರ್ವೆಯ ದಡದಿಂದ 140 ಕಿಲೋಮೀಟರ್ ದೂರದ ತೈಲಕ್ಷೇತ್ರಗಳಿಗೆ ವಿದ್ಯುತ್ ಕೊಡುವ 88 ಮೆಗಾವ್ಯಾಟ್‌ನ ಹೈವಿಂಡ್ ಟಾಂಪೆನ್ ಪೂರ್ತಿಯಾದವು. ಜಗತ್ತಿನಲ್ಲಿರುವ ಎಲ್ಲ ತೇಲುವ ಯಂತ್ರಗಳನ್ನು ಕೂಡಿಸಿದರೂ 300 ಮೆಗಾವ್ಯಾಟ್ ಆಸುಪಾಸು. ಸಮುದ್ರದ ತಳಕ್ಕೆ ಕಂಬ ನೆಟ್ಟು ನಿಲ್ಲಿಸಿದ ಯಂತ್ರಗಳದು 80,000 ಮೆಗಾವ್ಯಾಟ್ ದಾಟಿದೆ.

ಕಂಬ ನೆಡುವ ಪದ್ಧತಿ ಸುಮಾರು 60 ಮೀಟರ್ ಆಳದ ಆಚೆಗೆ ಕೈಗೆಟುಕುವುದು ಕಷ್ಟ. ಉಕ್ಕಿನ ತೂಕ, ಅದನ್ನು ಎತ್ತುವ ಹಡಗು ಎರಡೂ ವಿಪರೀತವಾಗುತ್ತವೆ. ಅದಕ್ಕೇ ತೇಲಿಸುವುದು.

ಈಗ ಫ್ಲೋಟರ್. ಎಂಜಿನಿಯರುಗಳೆಲ್ಲ ಲೆಕ್ಕಕ್ಕೆ ಬಳಸುವ, ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದು ಮಾದರಿ ಇದೆ. ಅದು 15 ಮೆಗಾವ್ಯಾಟ್ ಟರ್ಬೈನಿಗಾಗಿ ಅಮೆರಿಕದ ಮೇನ್ ವಿಶ್ವವಿದ್ಯಾಲಯದವರು ರೂಪಿಸಿದ ವೋಲ್ಟರ್ನ್ಅಸ್-ಎಸ್. ತಿರುಗುವ ಬ್ಲೇಡುಗಳ ಚಕ್ರದ, ಎಂದರೆ ರೋಟರಿನ, ವ್ಯಾಸ 240 ಮೀಟರ್, ಅದರ ನಡುವಿನ ಹಬ್ 150 ಮೀಟರ್ ಎತ್ತರದಲ್ಲಿ. ಗಾಳಿ ಸೆಕೆಂಡಿಗೆ ಸುಮಾರು 10.6 ಮೀಟರ್ ವೇಗ ಮುಟ್ಟಿದಾಗ ರೋಟರಿನ ಮೇಲೆ ಬೀಳುವ ತಳ್ಳುಬಲ ಹತ್ತಿರ ಹತ್ತಿರ 240 ಟನ್. ಅದನ್ನು 150 ಮೀಟರಿನಿಂದ ಗುಣಿಸಿ: ನೀರಿನ ಮಟ್ಟದಲ್ಲಿ 36,000 ಟನ್-ಮೀಟರಿನ ಉರುಳಿಸುವ ತಿರುಗುಬಲ. ಇದನ್ನು ತಡೆದು, ಯಂತ್ರ ಕೆಲವೇ ಡಿಗ್ರಿಗಿಂತ ಹೆಚ್ಚು ವಾಲದಂತೆ ಹಿಡಿಯುವುದು ಫ್ಲೋಟರಿನ ಕೆಲಸ.

ಮೂರು ಉಪಾಯಗಳಿವೆ. ಸ್ಪಾರ್ ಎಂಬುದು ತಂಜಾವೂರು ಬೊಂಬೆಯ ತತ್ವ. ಉದ್ದನೆಯ ಕೊಳವೆ, ತಳದಲ್ಲಿ ಸಾವಿರಾರು ಟನ್ ಕಬ್ಬಿಣದ ಅದಿರಿನ ಭಾರ. ಹೈವಿಂಡ್ ಸ್ಕಾಟ್ಲೆಂಡಿನ ಸ್ಪಾರ್ ನೀರೊಳಗೆ 78 ಮೀಟರ್ ಇಳಿದಿದೆ. ಸೆಮಿ-ಸಬ್ಮರ್ಸಿಬಲ್ ಕಾಲು ಅಗಲಿಸಿ ನಿಂತವನ ತತ್ವ: ಮೂರು ನಾಲ್ಕು ದಪ್ಪ ಕಂಬಗಳನ್ನು ದೂರದೂರ ಇಟ್ಟು ಪೊಳ್ಳು ತೊಲೆಗಳಂಥ ಪಾಂಟೂನ್‌ಗಳಿಂದ ಜೋಡಿಸಿರುತ್ತಾರೆ. ಮೂರನೆಯದು ಟೆನ್ಶನ್ ಲೆಗ್. ಖಾಲಿ ಕೊಡವನ್ನು ನೀರೊಳಗೆ ಒತ್ತಿ ಹಿಡಿದರೆ ಅದು ಮೇಲಕ್ಕೆ ತಳ್ಳುತ್ತದಲ್ಲ, ಹಾಗೆ ತೇಲುವ ಒಡಲನ್ನು ಬಿಗಿ ಹಗ್ಗಗಳಿಂದ ತಳಕ್ಕೆ ಎಳೆದು ಕಟ್ಟುವುದು. ಫ್ರಾನ್ಸಿನ ಪ್ರೊವಾನ್ಸ್ ಗ್ರಾಂಡ್ ಲಾರ್ಜ್‌ನಲ್ಲಿ ತಲಾ 8.4 ಮೆಗಾವ್ಯಾಟ್‌ನ ಮೂರು ಯಂತ್ರಗಳು ಹೀಗೆ ನಿಂತಿವೆ.

ಮೂರೂ ಉಪಾಯಗಳ ಹಿಂದಿರುವ ನಿಜವಾದ ಶತ್ರು ಅಲೆಯ ಎತ್ತರಕ್ಕಿಂತ ಅಲೆಯ ಅವಧಿ. ಸಮುದ್ರದ ಅಲೆಗಳ ಶಕ್ತಿ ಬಹುತೇಕ 5ರಿಂದ 18 ಸೆಕೆಂಡುಗಳ ನಡುವೆ ಇರುತ್ತದೆ. ಫ್ಲೋಟರಿನ ಸ್ವಾಭಾವಿಕ ತೂಗಾಟದ ಅವಧಿ ಅದರೊಳಗೆ ಬಿದ್ದರೆ ತೊಟ್ಟಿಲು ತೂಗಿದ ಹಾಗೆ ಪ್ರತಿ ಅಲೆಯೂ ತೂಗಾಟವನ್ನು ಹೆಚ್ಚಿಸುತ್ತದೆ. ಮೇಲೆ ಹೇಳಿದ ಮಾದರಿಯಲ್ಲಿ ಮೇಲೆ-ಕೆಳಗಿನ ಚಲನೆಯ ಅವಧಿ ಸುಮಾರು 20 ಸೆಕೆಂಡು, ಮುಂದೆ-ಹಿಂದೆ ವಾಲುವುದು 28 ಸೆಕೆಂಡು. ಟೆನ್ಶನ್ ಲೆಗ್ ಆದರೆ ತದ್ವಿರುದ್ಧ, ಐದು ಸೆಕೆಂಡಿಗಿಂತ ಕೆಳಗೆ. ಎರಡೂ ಅಪಾಯದ ಪಟ್ಟಿಯ ಹೊರಗೇ.

ಇಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿ ಗಮನಿಸಲೇಬೇಕಾದ ಸ್ವಾರಸ್ಯವೊಂದಿದೆ. ನೆಲದ ಟರ್ಬೈನಿನ ಕಂಟ್ರೋಲರನ್ನು ಹಾಗೆಯೇ ತಂದು ತೇಲುವ ಯಂತ್ರಕ್ಕೆ ಹಾಕಿದರೆ ಅದೇ ಯಂತ್ರವನ್ನು ಅಲ್ಲಾಡಿಸತೊಡಗುತ್ತದೆ. ನಿಗದಿತ ವೇಗಕ್ಕಿಂತ ಗಾಳಿ ಜೋರಾದಾಗ ಕಂಟ್ರೋಲರ್ ಬ್ಲೇಡುಗಳನ್ನು ತಿರುಗಿಸಿ ಹೆಚ್ಚುವರಿ ಶಕ್ತಿಯನ್ನು ಚೆಲ್ಲುತ್ತದೆ. ಆಗ ರೋಟರಿನ ಮೇಲಿನ ತಳ್ಳುಬಲ ಇಳಿಯುತ್ತದೆ. ತೇಲುವ ಯಂತ್ರ ಗಾಳಿಗೆ ಎದುರಾಗಿ ಮುಂದಕ್ಕೆ ವಾಲಿತು ಎಂದುಕೊಳ್ಳಿ. ರೋಟರಿಗೆ ಗಾಳಿ ಜೋರಾದಂತೆ ಕಾಣುತ್ತದೆ, ಕಂಟ್ರೋಲರ್ ಬ್ಲೇಡು ತಿರುಗಿಸುತ್ತದೆ, ವಾಲುವಿಕೆಯನ್ನು ತಡೆದು ಹಿಂದಕ್ಕೆ ತಳ್ಳಬೇಕಾಗಿದ್ದ ಬಲ ಆ ಕ್ಷಣಕ್ಕೇ ಕಡಿಮೆಯಾಗುತ್ತದೆ. ಹಿಂದಕ್ಕೆ ವಾಲುವಾಗ ಇದರ ಉಲ್ಟಾ. ಹೀಗೆ ಪ್ರತಿ ಸುತ್ತಿಗೂ ತೂಗಾಟ ಬೆಳೆಯುತ್ತದೆ. ಇದಕ್ಕೆ ನೆಗೆಟಿವ್ ಡ್ಯಾಂಪಿಂಗ್ ಎನ್ನುತ್ತಾರೆ. ಪರಿಹಾರ ಎರಡು: ಕಂಟ್ರೋಲರಿನ ಪ್ರತಿಕ್ರಿಯೆಯನ್ನು ಫ್ಲೋಟರಿನ ವಾಲುವ ಲಯಕ್ಕಿಂತ ನಿಧಾನ ಮಾಡುವುದು, ಅಥವಾ ಟವರಿನ ತುದಿಯ ಯಂತ್ರಕೋಣೆ, ಅಂದರೆ ನಸೆಲ್, ಮುಂದೆ-ಹಿಂದೆ ಚಲಿಸುವ ವೇಗವನ್ನು ಅಳೆದು ಅದಕ್ಕೆ ತಕ್ಕಂತೆ ಬ್ಲೇಡು ತಿರುಗಿಸುವುದು. ಮೊದಲನೆಯದರಲ್ಲಿ ರೋಟರಿನ ವೇಗ ಹೆಚ್ಚು ಏರಿಳಿಯುತ್ತದೆ. ಎರಡನೆಯದರಲ್ಲಿ ಬ್ಲೇಡ್ ತಿರುಗಿಸುವ ಬೇರಿಂಗ್‌ಗಳಿಗೆ ಕೆಲಸ ಜಾಸ್ತಿ, ಸವೆತವೂ ಜಾಸ್ತಿ. ಪುಕ್ಕಟೆ ಪರಿಹಾರ ಇಲ್ಲ. ಆದರೂ ಇದು ಬಗೆಹರಿದ ವಿಷಯ. ಹೈವಿಂಡ್‌ನ ಮೊದಲ ಯಂತ್ರದಲ್ಲೇ ಇದಕ್ಕೆ ಬೇರೆ ಕಂಟ್ರೋಲರ್ ಇತ್ತು.

ಹಾಗಾದರೆ ಫ್ಲೋಟರುಗಳಲ್ಲಿ ಉಳಿಯುವುದು ಯಾವುದು? ಸ್ಪಾರ್ ನಡವಳಿಕೆಯಲ್ಲಿ ಎಲ್ಲಕ್ಕಿಂತ ಸಾಧು, ಆದರೆ ಅದನ್ನು ನೆಟ್ಟಗೆ ನಿಲ್ಲಿಸಿ ಟರ್ಬೈನ್ ಜೋಡಿಸಲು ದಡದ ಪಕ್ಕದಲ್ಲೇ ನೂರು ಮೀಟರ್ ಆಳದ ಶಾಂತ ನೀರು ಬೇಕು. ನಾರ್ವೆಯ ಫ್ಯೋರ್ಡ್‌ಗಳಲ್ಲಿ ಅದಿದೆ, ಬೇರೆ ಕಡೆ ಅಪರೂಪ. ಸ್ಕಾಟ್ಲೆಂಡಿನ ಐದು ಯಂತ್ರಗಳನ್ನೂ ನಾರ್ವೆಯ ಸ್ಟೂರ್ಡ್‌ನಲ್ಲಿ ಜೋಡಿಸಿ ಎಳೆದು ತಂದದ್ದು ಅದಕ್ಕೇ. ಟೆನ್ಶನ್ ಲೆಗ್‌ಗೆ ಉಕ್ಕು ಕಡಿಮೆ, ಅಲ್ಲಾಟವೂ ಕಡಿಮೆ. ಆದರೆ ಹಗ್ಗ ಬಿಗಿಯುವ ತನಕ ಅದು ತಾನಾಗಿ ಸರಿಯಾಗಿ ನಿಲ್ಲದು, ಕೂರಿಸುವ ಹೊತ್ತಿನಲ್ಲಿ ತಾತ್ಕಾಲಿಕ ತೇಲುಗಳು ಬೇಕು. ಬಳಿಕ ಎಂದಾದರೂ ಹಗ್ಗ ಒಮ್ಮೆ ಸಡಿಲಾಗಿ ಫಕ್ಕನೆ ಬಿಗಿದರೆ ಆ ಝಟಕೆ ಭಯಂಕರ. ಸೆಮಿ-ಸಬ್ಮರ್ಸಿಬಲ್ ಹೆಚ್ಚು ಉಕ್ಕು ತಿನ್ನುತ್ತದೆ, ಬೆಸುಗೆ ಹೆಚ್ಚು, ಆದರೆ ಭಾರಕ್ಕಾಗಿ ಹಾಕುವ ಬ್ಯಾಲಸ್ಟ್ ನೀರು ತುಂಬುವ ಮುನ್ನ ಹತ್ತು ಹನ್ನೆರಡು ಮೀಟರ್ ಆಳದ ಸಾಮಾನ್ಯ ಬಂದರಿನಲ್ಲೂ ತೇಲುತ್ತದೆ. ಬರುವ ಹತ್ತು ವರ್ಷ ಇದರದ್ದೇ ಎಂದು ಹೇಳಬಹುದು. ಒಳ್ಳೆಯ ವಿನ್ಯಾಸ ಎಂದಲ್ಲ, ಬಂದರಿಗೆ ಹೊಂದುವ ವಿನ್ಯಾಸ ಎಂದು. ನೂರಕ್ಕೂ ಹೆಚ್ಚು ಬಗೆಯ ಫ್ಲೋಟರುಗಳು ಕಾಗದದ ಮೇಲಿವೆ. ಅಷ್ಟು ಇರುವುದೇ ಒಂದು ರೋಗ, ಏಕೆಂದರೆ ಯಾವ ಉಕ್ಕಿನ ಯಾರ್ಡೂ ಯಾರ ವಿನ್ಯಾಸಕ್ಕೆ ಯಂತ್ರಸಾಮಗ್ರಿ ಹೂಡಬೇಕೆಂದು ನಿರ್ಧರಿಸಲಾರದೆ ಕುಳಿತಿದೆ.

ಸಾವಿರ ಮೆಗಾವ್ಯಾಟ್‌ನ ಲೆಕ್ಕ

ಈಗ ವಾಣಿಜ್ಯ ಪ್ರಮಾಣ ಎಂದರೆ ಏನೆಂದು ಪೆನ್ಸಿಲ್ ಹಿಡಿದು ನೋಡಿ. 1000 ಮೆಗಾವ್ಯಾಟ್‌ಗೆ 15 ಮೆಗಾವ್ಯಾಟ್‌ನ 67 ಯಂತ್ರ. ಅದೇ ಮಾದರಿಯ ಒಂದು ಫ್ಲೋಟರಿನ ಉಕ್ಕು 3,914 ಟನ್, 67ಕ್ಕೆ 2.6 ಲಕ್ಷ ಟನ್. ಒಂದೊಂದಕ್ಕೆ ಮೂರು ಸರಪಳಿ, ಒಂದೊಂದು 850 ಮೀಟರ್ ಉದ್ದ, ಕಡ್ಡಿಯ ದಪ್ಪ 185 ಮಿಲಿಮೀಟರ್, ಮೀಟರಿಗೆ 685 ಕಿಲೋ. ಒಟ್ಟು 201 ಸರಪಳಿ, 171 ಕಿಲೋಮೀಟರ್, 1.17 ಲಕ್ಷ ಟನ್. ಈ ದಪ್ಪದ ಸರಪಳಿ ಮಾಡುವ ಕಾರ್ಖಾನೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಉತ್ತರ ಸಮುದ್ರದಲ್ಲಿ ಇಂಥ ಕೆಲಸಕ್ಕೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳೇ ಗತಿ. ಎರಡು ಬೇಸಿಗೆಯಲ್ಲಿ ಮುಗಿಸಬೇಕೆಂದರೆ 52 ವಾರ, 67 ಯಂತ್ರ: ಐದೂವರೆ ದಿನಕ್ಕೆ ಒಂದು. ಹೈವಿಂಡ್ ಟಾಂಪೆನ್‌ನ 11 ಯಂತ್ರಗಳೇ 2022ರಲ್ಲಿ ಶುರುವಾಗಿ, ಒಂದೇ ಋತುವಿನಲ್ಲಿ ಮುಗಿಯದೆ, 2023ಕ್ಕೆ ಮುಗಿದವು. ಎರಡರ ನಡುವಿನ ಅಂತರ ಅಲ್ಲಿದೆ.

ಒಂದು ಯಂತ್ರ ಸಮುದ್ರ ಸೇರುವ ದಾರಿ ಹೀಗಿರುತ್ತದೆ. ಹಿಂದಿನ ವರ್ಷವೇ ಲಂಗರು ಮತ್ತು ಸರಪಳಿ ಹಾಕಿ, ಎಳೆದು ಪರೀಕ್ಷೆ ಮಾಡಿ, ತುದಿಗಳನ್ನು ತಳದಲ್ಲೇ ಮಲಗಿಸಿಡುತ್ತಾರೆ. ಯಾರ್ಡಿನಲ್ಲಿ ಫ್ಲೋಟರಿನ ತುಂಡುಗಳನ್ನು ಬೆಸೆದು, ನೂರಾರು ಚಕ್ರಗಳ ಸಾಗಣೆ ಗಾಡಿಗಳ ಮೇಲೆ ಅರೆಮುಳುಗುವ ಬಾರ್ಜಿಗೆ ಸಾಗಿಸಿ, ಬಾರ್ಜನ್ನು ಮುಳುಗಿಸಿ ಫ್ಲೋಟರನ್ನು ನೀರಿಗೆ ಬಿಡುತ್ತಾರೆ. ಟರ್ಬೈನ್ ಜೋಡಿಸುವ ಸರದಿ ಬರುವವರೆಗೆ ಅದು ಬಂದರಿನ ಒಳಗೆ ಎಲ್ಲೋ ಕಟ್ಟಿಕೊಂಡು ತೇಲುತ್ತಿರಬೇಕು. ಆ ಜಾಗವೂ ಒಂದು ದೊಡ್ಡ ಕೊರತೆಯೇ. ಬಳಿಕ ಧಕ್ಕೆಗೆ ತಂದು ಟವರ್, ನಸೆಲ್, ಮೂರು ಬ್ಲೇಡು. ಧಕ್ಕೆಯ ನೆಲ ಚದರ ಮೀಟರಿಗೆ 15ರಿಂದ 20 ಟನ್, ಕ್ರೇನ್ ನಿಲ್ಲುವ ಕಡೆ ಅದಕ್ಕೂ ಹೆಚ್ಚು ತಾಳಬೇಕು. ಕ್ರೇನ್ 1,000 ಟನ್ನಿನಷ್ಟನ್ನು 150 ಮೀಟರ್ ಮೇಲಕ್ಕೆ ಎತ್ತಬೇಕು. ಎಲ್ಲಕ್ಕಿಂತ ಕಿರಿಕಿರಿ ಬ್ಲೇಡಿನದು. ನೀರ ಮೇಲಿನ ಟವರ್ ತುದಿ ಒಂದು ಲಯದಲ್ಲಿ ತೂಗುತ್ತಿರುತ್ತದೆ, ಕ್ರೇನಿನಲ್ಲಿ ನೇತಾಡುವ ಬ್ಲೇಡು ಗಾಳಿಗೆ ಇನ್ನೊಂದು ಲಯದಲ್ಲಿ. ಅದರ ಬುಡದ ಬೋಲ್ಟುಗಳು ರಂಧ್ರಕ್ಕೆ ನೇರ ಹೋಗಬೇಕು. ಹಾಗಾಗಿ ಸಾಧ್ಯವಾದ ಕಡೆ ಫ್ಲೋಟರಿಗೆ ನೀರು ತುಂಬಿ ಬಂದರಿನ ತಳಕ್ಕೇ ಕೂರಿಸಿ ಜೋಡಿಸುವುದು ಜಾಣತನ.

ಅಲ್ಲಿಂದ ಮೂರು ಟಗ್‌ಗಳು ಮೂರು ನಾಟ್, ಅಂದರೆ ಗಂಟೆಗೆ ಐದೂವರೆ ಕಿಲೋಮೀಟರ್ ವೇಗದಲ್ಲಿ ಎಳೆಯುತ್ತವೆ. ನೂರು ಕಿಲೋಮೀಟರ್ ದೂರಕ್ಕೆ ಹದಿನೆಂಟು ತಾಸು. ಮೂರು ಸರಪಳಿ ಕಟ್ಟಲು ಒಂದು ದಿನ, ಅನಿರೀಕ್ಷಿತಗಳಿಗೆ ಇನ್ನೊಂದು ದಿನ. ಈ ಮೂರು ದಿನವೂ ಅಲೆ ಎರಡು ಮೀಟರ್ ಆಸುಪಾಸಿನ ಮಿತಿಯೊಳಗೆ ಇರಬೇಕು. ಸರಪಳಿ ಎಳೆದು ಬಿಗಿಯುವುದಕ್ಕೆ 200 ಟನ್ನಿಗೂ ಹೆಚ್ಚು ಎಳೆಶಕ್ತಿಯ ಆ್ಯಂಕರ್ ಹ್ಯಾಂಡ್ಲಿಂಗ್ ಹಡಗು ಬೇಕು. ಅವು ತೈಲ ಕಂಪನಿಗಳ ಕೆಲಸಕ್ಕೆ ಕಟ್ಟಿದವು. ತೈಲದ ಬೆಲೆ ಏರಿದ ವರ್ಷ ಅವುಗಳ ಬಾಡಿಗೆಯೂ ಏರುತ್ತದೆ, ಗಾಳಿಯವರಿಗೆ ಹಡಗೇ ಸಿಗುವುದಿಲ್ಲ.

ಕಿನ್‌ಕಾರ್ಡಿನ್‌ನ ಉದಾಹರಣೆ ನೋಡಿ. ಫ್ಲೋಟರ್ ಕಟ್ಟಿದ್ದು ಸ್ಪೇನಿನಲ್ಲಿ, ಟರ್ಬೈನ್ ಏರಿಸಿದ್ದು ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ, ನಿಲ್ಲಿಸಿದ್ದು ಸ್ಕಾಟ್ಲೆಂಡಿನಲ್ಲಿ. ಐದು ಯಂತ್ರಕ್ಕೆ ಹೀಗೆ ಊರೂರು ಸುತ್ತಬಹುದು. ಅರವತ್ತೇಳಕ್ಕೆ ಸಾಧ್ಯವಿಲ್ಲ.

ಸರಪಳಿ ಮತ್ತು ಕೇಬಲ್

ಲಂಗರುಗಳ ಕಡೆ ಸುದ್ದಿ ಒಳ್ಳೆಯದಿದೆ. ಹೈವಿಂಡ್‌ನದು ಸಕ್ಷನ್ ಲಂಗರು. ಮಗುಚಿದ ಬಕೆಟ್‌ನಂಥ ಉಕ್ಕಿನ ಸಿಲಿಂಡರನ್ನು ತಳಕ್ಕಿಳಿಸಿ ಒಳಗಿನ ನೀರನ್ನು ಪಂಪಿನಿಂದ ಹೀರಿದರೆ ಮೇಲಿನ ನೀರಿನ ಒತ್ತಡಕ್ಕೆ ಅದು ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಟಾಂಪೆನ್‌ನಲ್ಲಿ ಅಕ್ಕಪಕ್ಕದ ಯಂತ್ರಗಳು ಲಂಗರು ಹಂಚಿಕೊಂಡದ್ದರಿಂದ 33 ಬೇಕಿದ್ದಲ್ಲಿ 19 ಸಾಕಾಯಿತು. ಆದರೆ ಹಂಚಿಕೊಂಡ ಲಂಗರನ್ನು ಮೂರು ದಿಕ್ಕಿನಿಂದ ಎಳೆಯುತ್ತಾರೆ. ಒಂದು ಸರಪಳಿ ತುಂಡಾದರೆ ಲಂಗರಿನ ಮೇಲಿನ ಬಲದ ದಿಕ್ಕೇ ಬದಲಾಗುತ್ತದೆ. ಆ ಲೆಕ್ಕ ಮೊದಲೇ ಮಾಡಿರಬೇಕು. ಬಂಡೆಯ ತಳದಲ್ಲಿ ಸಕ್ಷನ್ ಲಂಗರು ನಡೆಯುವುದೂ ಇಲ್ಲ.

ಆಳ ಕಡಿಮೆಯಾದಷ್ಟೂ ಕಟ್ಟುವುದು ಸುಲಭ ಎಂದು ತೋರುತ್ತದೆ. ನಿಜ ಅದರ ವಿರುದ್ಧ. ಸರಪಳಿಯ ಜೋತ ಭಾಗದ ತೂಕವೇ ಸ್ಪ್ರಿಂಗ್‌ನಂತೆ ಕೆಲಸ ಮಾಡುವುದು. 70 ಮೀಟರ್ ಆಳದಲ್ಲಿ ಜೋತು ಬೀಳಲು ಜಾಗವೇ ಇಲ್ಲ, ದೊಡ್ಡ ಅಲೆಗೆ ಸರಪಳಿ ಪೂರ್ತಿ ನೆಟ್ಟಗಾಗಿ ಝಟಕೆ ಬೀಳುತ್ತದೆ. ಅದಕ್ಕೆ ನಡುವೆ ಹಿಗ್ಗುವ ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗ ಸೇರಿಸುತ್ತಾರೆ. ಹಗ್ಗ ತಳಕ್ಕೆ ತಾಗಿ ಉಜ್ಜಬಾರದು, ಮೀನುಗಾರರ ಬಲೆಗೂ ಸಿಗಬಾರದು.

ಸರಪಳಿ ಎಲ್ಲಿ ತುಂಡಾಗುತ್ತದೆ ಎಂಬುದಕ್ಕೆ ತೈಲ ಉದ್ಯಮದ ಪಾಠವಿದೆ. ಅಂಗೋಲಾದ ಗಿರಾಸೋಲ್ ತೈಲಕ್ಷೇತ್ರದಲ್ಲಿ ಹಡಗಿಗೆ ತೈಲ ತುಂಬಿಸುವ ತೇಲುಗಟ್ಟೆಯ (ಬುಯ್) ಸರಪಳಿಗಳು 2002ರಲ್ಲಿ, ಹಾಕಿ ಒಂದು ವರ್ಷ ತುಂಬುವ ಮೊದಲೇ ಮುರಿದವು. ಎಳೆತದ ಬಲ ಮಿತಿಯೊಳಗೇ ಇತ್ತು. ಒಡಲಿಗೆ ಸೇರುವ ಜಾಗದಲ್ಲಿ ಕೊಂಡಿಗಳು ಬಿಗಿತಕ್ಕೆ ಒಂದಕ್ಕೊಂದು ಕಚ್ಚಿಕೊಂಡು ಹೊರಳದೆ, ಪ್ರತಿ ಅಲ್ಲಾಟಕ್ಕೂ ಬಾಗುತ್ತಿದ್ದವು. ಬಾಗಿ ಬಾಗಿ ಬಳಲಿ ಮುರಿದವು. ತೈಲ ಪ್ಲಾಟ್‌ಫಾರ್ಮಿಗೆ ಎಂಟು, ಹನ್ನೆರಡು ಸರಪಳಿ ಇರುತ್ತವೆ. ಒಂದು ಹೋದರೆ ಉಳಿದವು ಹಿಡಿಯುತ್ತವೆ. ಗಾಳಿಯಂತ್ರಕ್ಕೆ ಖರ್ಚು ಉಳಿಸಲು ಮೂರೇ ಇರುವುದು ಸಾಮಾನ್ಯ. ಒಂದು ಹೋದರೆ ಯಂತ್ರ ನೂರಾರು ಮೀಟರ್ ಸರಿದು ತನ್ನ ಕೇಬಲನ್ನು ತಾನೇ ಕಿತ್ತುಕೊಳ್ಳುತ್ತದೆ.

ಆ ಕೇಬಲ್ಲೇ ಇಡೀ ವ್ಯವಸ್ಥೆಯ ನಾಜೂಕಾದ ಅಂಗ. ಸ್ಥಿರ ಯಂತ್ರದ ಕೇಬಲ್ ತಳದಲ್ಲಿ ಹೂತು ಮಲಗಿರುತ್ತದೆ. ತೇಲುವುದರ ಕೇಬಲ್ ಇಪ್ಪತ್ತೈದು ವರ್ಷ ನೀರಿನಲ್ಲಿ ತೂಗಾಡುತ್ತದೆ. ನಡುವೆ ತೇಲುವ ತುಣುಕುಗಳನ್ನು ಕಟ್ಟಿ ಅದನ್ನು ಅಲೆಯಾಕಾರದಲ್ಲಿ ಎತ್ತಿ ಹಿಡಿಯುತ್ತಾರೆ, ಯಂತ್ರದ ಅಲ್ಲಾಟ ತಳ ಮುಟ್ಟುವ ಬಿಂದುವಿಗೆ ಹೋಗದಿರಲಿ ಎಂದು. ಮೇಲೆ ಫ್ಲೋಟರಿಗೆ ಸೇರುವಲ್ಲಿ ಅತಿಯಾಗಿ ಬಾಗದಂತೆ ಶಂಕುವಿನ ಆಕಾರದ ಬಿಗಿ ತೋಳು ಹಾಕುತ್ತಾರೆ. ಹೋಗುವುದು ಸಾಮಾನ್ಯವಾಗಿ ಇವೇ ಎರಡು ಜಾಗ. ಇನ್ನೊಂದು ಕಾರಣ ನಗೆ ತರಿಸುವಂಥದ್ದು, ಆದರೆ ಗಂಭೀರ: ಚಿಪ್ಪುಜೀವಿಗಳು. ಎರಡು ಮೂರು ವರ್ಷದಲ್ಲಿ ಕೇಬಲ್ ಮತ್ತು ತೇಲುತುಣುಕುಗಳ ಮೇಲೆ ದಪ್ಪಗೆ ಬೆಳೆದು ತೂಕ ಹೆಚ್ಚಿಸಿದರೆ, ಲೆಕ್ಕ ಹಾಕಿ ಕೊಟ್ಟ ಅಲೆಯಾಕಾರ ಕುಸಿಯುತ್ತದೆ. ವಿನ್ಯಾಸದಲ್ಲಿ ಹೊಸ ಕೇಬಲ್ ಮತ್ತು ಚಿಪ್ಪು ಮುಚ್ಚಿದ ಕೇಬಲ್ ಎರಡಕ್ಕೂ ಪ್ರತ್ಯೇಕ ಲೆಕ್ಕ ಬೇಕು.

ಯಂತ್ರದಿಂದ ಯಂತ್ರಕ್ಕೆ ಹೋಗುವ 66 ಕಿಲೋವೋಲ್ಟ್ ಕೇಬಲ್ ಹೀಗೆ ತೂಗಾಡಬಲ್ಲದೆಂದು ಸಾಬೀತಾಗಿದೆ. ದಡಕ್ಕೆ ವಿದ್ಯುತ್ ಒಯ್ಯುವ 220 ಕಿಲೋವೋಲ್ಟಿನದು ಬೇರೆ ಕತೆ. ಅಷ್ಟು ವೋಲ್ಟೇಜಿಗೆ ಇನ್ಸುಲೇಶನ್ನಿನೊಳಗೆ ನೀರಿನ ಅಂಶ ಸೇರಲೇಬಾರದು. ಸ್ಥಿರ ಕೇಬಲಿಗೆ ಸೀಸದ ಹೊದಿಕೆ ಸಾಕು, ಆದರೆ ಸೀಸ ಬಾಗಿ ಬಾಗಿ ಬಿರುಕು ಬಿಡುತ್ತದೆ. ಬದಲಿಗೆ ಸುಕ್ಕುಸುಕ್ಕಾದ ತಾಮ್ರದ ಹೊದಿಕೆಯಂಥವು ಪರೀಕ್ಷೆಯಲ್ಲಿವೆ. ನೂರು ಮೀಟರ್ ಆಸುಪಾಸಿನ ಆಳದಲ್ಲಿ ಸಬ್‌ಸ್ಟೇಶನ್ನನ್ನು ಮಾತ್ರ ಕಾಲೂರಿ ನಿಲ್ಲಿಸಿ ಈ ಸಮಸ್ಯೆಯಿಂದ ತಪ್ಪಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ 2022ರ ಡಿಸೆಂಬರಿನಲ್ಲಿ ಹರಾಜಾದ ಐದು ಪ್ರದೇಶಗಳಲ್ಲಿ ಆಳ ಸಾವಿರ ಮೀಟರಿನ ಆಜುಬಾಜು. ಅಲ್ಲಿ ಆ ಉಪಾಯ ನಡೆಯದು.

ಕೆಟ್ಟರೆ ಏನು?

ಹಣ ಹಾಕುವವರ ನಿದ್ದೆ ಕೆಡಿಸುವುದು ಇದು. ಸ್ಥಿರ ಯಂತ್ರದ ಗೇರ್‌ಬಾಕ್ಸೋ ಮುಖ್ಯ ಬೇರಿಂಗೋ ಹೋದರೆ, ತಳಕ್ಕೆ ಕಾಲೂರಿ ತನ್ನನ್ನು ತಾನೇ ನೀರಿನಿಂದ ಮೇಲೆತ್ತಿಕೊಳ್ಳುವ ಜ್ಯಾಕ್-ಅಪ್ ಹಡಗು ಬಂದು ಕೆಲವು ದಿನದಲ್ಲಿ ಬದಲಿಸುತ್ತದೆ. ನೂರು ಮೀಟರ್ ಆಳದಲ್ಲಿ ಅದರ ಕಾಲು ನಿಲುಕದು. ಉಳಿದ ದಾರಿ ಯಂತ್ರವನ್ನೇ ಬಿಚ್ಚಿ ಬಂದರಿಗೆ ಎಳೆದು ತರುವುದು. ಕಿನ್‌ಕಾರ್ಡಿನ್‌ನ ಒಂದು ಯಂತ್ರ 2022ರಲ್ಲಿ ಹೀಗೆ ರಾಟರ್‌ಡ್ಯಾಮಿಗೆ ಹೋಗಿ ಬಂತು. 2024ರಲ್ಲಿ ಹೈವಿಂಡ್ ಸ್ಕಾಟ್ಲೆಂಡಿನ ಐದೂ ಯಂತ್ರಗಳನ್ನು ದೊಡ್ಡ ರಿಪೇರಿಗೆಂದು ನಾರ್ವೆಗೆ ಎಳೆದೊಯ್ದರು. ಕೆಲವು ತಿಂಗಳು ಇಡೀ ಗಾಳಿ ಸ್ಥಾವರದಿಂದ ಒಂದು ಯೂನಿಟ್ಟೂ ಇಲ್ಲ. ಏಳು ವರ್ಷದಲ್ಲಿ ಇಂಥದ್ದೊಂದು ಬಂತೆಂದರೆ ಆಶ್ಚರ್ಯವಲ್ಲ. ಆದರೆ ಐದರ ಬದಲು ಅರವತ್ತೇಳು ಇದ್ದಿದ್ದರೆ ಅಷ್ಟನ್ನು ತಂದು ನಿಲ್ಲಿಸಲು ಧಕ್ಕೆ ಎಲ್ಲಿದೆ ಎಂಬುದು ಪ್ರಶ್ನೆ.

ಎಳೆದೊಯ್ಯುವಾಗ ಇನ್ನೊಂದು ಗಂಟು. ಯಂತ್ರಗಳು ಮಣಿಸರದ ಹಾಗೆ ಒಂದರ ಕೇಬಲ್ ಇನ್ನೊಂದಕ್ಕೆ ಸೇರಿಕೊಂಡಿರುತ್ತವೆ. ನಡುವಿನ ಒಂದನ್ನು ಬಿಚ್ಚಿದರೆ ಅದರಾಚೆಯ ಎಲ್ಲವೂ ಕತ್ತಲು. ಎರಡೂ ಕಡೆಯ ಕೇಬಲ್ ತುದಿಗಳನ್ನು ನೀರೊಳಗೇ ತಾತ್ಕಾಲಿಕವಾಗಿ ಜೋಡಿಸುವ ಕನೆಕ್ಟರ್, ಅಥವಾ ಸರದ ಎರಡೂ ತುದಿ ಸಬ್‌ಸ್ಟೇಶನ್ನಿಗೆ ಸೇರುವ ಉಂಗುರದ ವಿನ್ಯಾಸ ಮೊದಲೇ ಇರಬೇಕು. ಎರಡಕ್ಕೂ ಮೊದಲೇ ಹೆಚ್ಚು ಹಣ ತೆರಬೇಕು. ಟೆಂಡರಿನಲ್ಲಿ ದರ ಇಳಿಸುವಾಗ ಮೊದಲು ಕೈಬಿಡುವುದೂ ಇವನ್ನೇ. ಅದು ತಪ್ಪು ಉಳಿತಾಯ.

ದಾರಿ ಇಲ್ಲದಿಲ್ಲ. ಕಿನ್‌ಕಾರ್ಡಿನ್‌ನಲ್ಲೇ ಬಳಿಕ ಟರ್ಬೈನಿನ ಮೇಲೇ ಏರಿಸಿ ಕೂರಿಸುವ ಸಣ್ಣ ಕ್ರೇನಿನಿಂದ ಜನರೇಟರನ್ನು ಸಮುದ್ರದಲ್ಲಿಯೇ ಬದಲಿಸಿದರು. ಕ್ರೇನ್ ಮತ್ತು ನಸೆಲ್ ಒಂದೇ ಲಯದಲ್ಲಿ ಅಲ್ಲಾಡುವುದರಿಂದ ಅವೆರಡರ ನಡುವಿನ ಚಲನೆ ಕಡಿಮೆ. ಬ್ಲೇಡು, ಮುಖ್ಯ ಬೇರಿಂಗ್‌ಗಳಿಗೂ ಇದು ದೈನಂದಿನ ಕೆಲಸವಾದ ದಿನ ಈ ಉದ್ಯಮದ ಚಹರೆ ಬದಲಾಗುತ್ತದೆ. ಹೊಸ ಫ್ಲೋಟರ್ ವಿನ್ಯಾಸಗಳ ಸುದ್ದಿಗಿಂತ ಈ ಕ್ರೇನ್‌ಗಳ ಸುದ್ದಿಯನ್ನು ಹಿಂಬಾಲಿಸಿ.

ಒಂದೇ ಅಚ್ಚಿನಿಂದ ಸಾಲಾಗಿ ಮಾಡುವುದರ ಅಪಾಯಕ್ಕೆ ಜಪಾನಿನ ಗೋಟೊ ದ್ವೀಪಗಳ ಯೋಜನೆ ಸಾಕ್ಷಿ. ಎಂಟು ಯಂತ್ರ, ಒಟ್ಟು 16.8 ಮೆಗಾವ್ಯಾಟ್, ಕೆಳಗೆ ಕಾಂಕ್ರೀಟ್ ಮೇಲೆ ಉಕ್ಕಿನ ಸ್ಪಾರ್. 2024ರ ಜನವರಿಯಲ್ಲಿ ಶುರುವಾಗಬೇಕಿತ್ತು. ಫ್ಲೋಟರಿನಲ್ಲಿ ದೋಷ ಕಂಡುಬಂದು ಎರಡು ವರ್ಷ ಮುಂದೆ ಹೋಯಿತು. ಒಂದರಲ್ಲಿ ಬೆಸುಗೆಯೋ ಅಳತೆಯೋ ತಪ್ಪಿದರೆ ಅದೇ ತಪ್ಪು ಸಾಲಿನಲ್ಲಿರುವ ಎಲ್ಲದರಲ್ಲೂ ಇರುತ್ತದೆ.

ದುಡ್ಡು

ಬ್ರಿಟನ್ನಿನ 2024ರ ಹರಾಜಿನಲ್ಲಿ ಗ್ರೀನ್ ವೋಲ್ಟ್ ಎಂಬ 400 ಮೆಗಾವ್ಯಾಟ್‌ನ ತೇಲುವ ಯೋಜನೆಗೆ ಮೆಗಾವ್ಯಾಟ್-ಗಂಟೆಗೆ 139.93 ಪೌಂಡ್ ದರ ಸಿಕ್ಕಿತು. ಅದೇ ಹರಾಜಿನಲ್ಲಿ ಹೊಸ ಸ್ಥಿರ ಯಂತ್ರಗಳಿಗೆ 58.87 ಪೌಂಡ್. ಎರಡೂ 2012ರ ಬೆಲೆಮಟ್ಟದಲ್ಲಿ. ತೇಲುವುದರ ದರ 2.4 ಪಟ್ಟು. ಅದೇ ವರ್ಷ ಫ್ರಾನ್ಸ್ ದಕ್ಷಿಣ ಬ್ರಿಟನಿಯ 250 ಮೆಗಾವ್ಯಾಟ್ ಯೋಜನೆಯನ್ನು 86.45 ಯೂರೋಗೆ ಕೊಟ್ಟಿತು. ಎರಡನ್ನು ನೇರ ಹೋಲಿಸಬೇಡಿ. ಫ್ರಾನ್ಸಿನಲ್ಲಿ ದಡಕ್ಕೆ ಕೇಬಲ್ ಎಳೆಯುವ ಖರ್ಚು ಗ್ರಿಡ್ ಸಂಸ್ಥೆಯದು. ಹರಾಜಿನ ದರಕ್ಕೂ ಕಟ್ಟಿ ನಿಲ್ಲಿಸುವುದಕ್ಕೂ ನಡುವೆ ಬಹಳ ದೂರವಿದೆ. 2023ರ ಮೇ ತಿಂಗಳಲ್ಲಿ, ಹೈವಿಂಡ್‌ಗಳನ್ನು ಕಟ್ಟಿದ ನಾರ್ವೆಯ ಈಕ್ವಿನಾರ್ ಕಂಪನಿ ತನ್ನ 1000 ಮೆಗಾವ್ಯಾಟ್‌ನ ಟ್ರೋಲ್‌ವಿಂಡ್ ಯೋಜನೆಯನ್ನು ವೆಚ್ಚ ಏರಿಕೆ, ತಂತ್ರಜ್ಞಾನದ ಲಭ್ಯತೆ, ಕಾಲಮಿತಿಗಳ ಕಾರಣ ಕೊಟ್ಟು ಪಕ್ಕಕ್ಕಿಟ್ಟಿತು. ತೇಲುವ ಯಂತ್ರಗಳಲ್ಲಿ ಎಲ್ಲರಿಗಿಂತ ಹೆಚ್ಚು ಅನುಭವ ಇರುವ ಕಂಪನಿ ಅದು.

ಬಡ್ಡಿಯ ಪಾತ್ರವನ್ನು ಒಂದು ಲೆಕ್ಕದಲ್ಲಿ ನೋಡಿ. 100 ರೂಪಾಯಿ ಬಂಡವಾಳವನ್ನು 25 ವರ್ಷದಲ್ಲಿ ಶೇ 6ರ ಬಡ್ಡಿಗೆ ತೀರಿಸಲು ವರ್ಷಕ್ಕೆ 7.82 ರೂಪಾಯಿ, ಶೇ 9ಕ್ಕೆ 10.18. ಯಂತ್ರ ಅದೇ, ಗಾಳಿ ಅದೇ, ಕಂತು ಶೇ 30 ಹೆಚ್ಚು. ಸರಪಳಿ, ಕೇಬಲ್, ರಿಪೇರಿಗಳ ಅನಿಶ್ಚಿತತೆಯೆಲ್ಲ ಬ್ಯಾಂಕಿನ ಟೇಬಲ್ಲಿನ ಮೇಲೆ ಆ ಮೂರು ಶೇಕಡಾ ಆಗಿ ಬಂದು ಕೂರುತ್ತದೆ. ಟರ್ಬೈನ್ ಕಂಪನಿಗಳು ಎರಡು ಮೂರು ವರ್ಷಕ್ಕೊಮ್ಮೆ ಗಾತ್ರ ಹಿಗ್ಗಿಸುವುದೂ ಉಪಕಾರಕ್ಕಿಂತ ಅಪಕಾರ. ಯಂತ್ರ ಬದಲಾದರೆ ಫ್ಲೋಟರ್, ಕ್ರೇನ್, ಧಕ್ಕೆ ಎಲ್ಲವೂ ಮತ್ತೆ ಮೊದಲಿನಿಂದ. 15 ಮೆಗಾವ್ಯಾಟ್‌ನಲ್ಲಿ ಹತ್ತು ವರ್ಷ ನಿಂತರೆ ದರ ತಾನಾಗಿ ಇಳಿಯುತ್ತದೆ. ಸ್ಕಾಟ್ಲೆಂಡ್ ತನ್ನ ಸಮುದ್ರದ ಜಾಗವನ್ನು ಗಾಳಿ ಯೋಜನೆಗಳಿಗೆ ಕೊಟ್ಟ 2022ರ ಸ್ಕಾಟ್‌ವಿಂಡ್ ಹಂಚಿಕೆಯ 25,000 ಮೆಗಾವ್ಯಾಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ತೇಲುವವೇ ಇವೆ. ಇವು ನೇರ ಸಾವಿರಕ್ಕೆ ಜಿಗಿಯುವ ಮೊದಲು 250ರಿಂದ 500 ಮೆಗಾವ್ಯಾಟ್‌ನ ನಾಲ್ಕೈದು ಯೋಜನೆಗಳು ಮುಗಿದು, ಅವುಗಳ ರಿಪೇರಿ ಲೆಕ್ಕ ಹೊರಗೆ ಬರಬೇಕು.

ಇನ್ನು ನಮ್ಮ ಕರಾವಳಿ. ಸದ್ಯಕ್ಕೆ ಇಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಕೇಂದ್ರ ಸರ್ಕಾರ 2024ರ ಜೂನ್‌ನಲ್ಲಿ ಒಪ್ಪಿದ 7,453 ಕೋಟಿ ರೂಪಾಯಿಯ ನೆರವು ಗುಜರಾತ್ ಮತ್ತು ತಮಿಳುನಾಡಿನ ತಲಾ 500 ಮೆಗಾವ್ಯಾಟ್‌ಗೆ, ಜೊತೆಗೆ ಎರಡು ಬಂದರುಗಳ ಸುಧಾರಣೆಗೆ. ಎರಡೂ ಕಡೆ ಆಳ ಕಡಿಮೆ, ಕಂಬ ನೆಟ್ಟರಾಯಿತು. ಮಂಗಳೂರು, ಕಾರವಾರಗಳ ಎದುರು ಸಮುದ್ರ ತೀರದಿಂದ ಹತ್ತಾರು ಕಿಲೋಮೀಟರ್‌ವರೆಗೂ ಇಳಿಜಾರು ನಿಧಾನ. ತೇಲಿಸುವಷ್ಟು ಆಳಕ್ಕೆ ಬಲು ದೂರ ಹೋಗಬೇಕು. ಗಾಳಿ ಜೋರಾಗಿರುವುದು ಮುಂಗಾರಿನಲ್ಲಿ, ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇರುವ ಅದೇ ಕಾಲದಲ್ಲಿ. ಕೆಟ್ಟರೆ ಹತ್ತಿರ ಹೋಗಲೂ ಆಗದು. ಉಳಿದ ತಿಂಗಳು ಗಾಳಿ ಸಪ್ಪೆ. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಇದರ ಸಣ್ಣ ಪಾಲಿನ ಖರ್ಚಿಗೆ ವಿದ್ಯುತ್ ಸಿಗುವಾಗ ಇಲ್ಲಿ ಯಾರೂ ಹಣ ಹಾಕಲಾರರು.

ಆದರೆ ಹಡಗುಗಳ ವಿಷಯ ಬೇರೆ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಈಗಾಗಲೇ 62 ಟನ್ ಎಳೆಶಕ್ತಿಯ ಟಗ್‌ಗಳನ್ನು ಕಟ್ಟಿಕೊಟ್ಟಿದೆ, ನಾರ್ವೆಯ ಕಂಪನಿಗೆ ಸರಕು ಹಡಗುಗಳನ್ನೂ ಕಟ್ಟುತ್ತಿದೆ. ಫ್ಲೋಟರನ್ನು ಬಂದರಿನೊಳಗೆ ಆಚೆ ಈಚೆ ಸರಿಸಲು ಆ ಶಕ್ತಿ ಸಾಕು. ಹೊರ ಸಮುದ್ರದಲ್ಲಿ ಸರಪಳಿ ಬಿಗಿಯಲು ಅದರ ಮೂರು ಪಟ್ಟಿಗೂ ಹೆಚ್ಚು ಬೇಕು.